1972ರ ಎಂಜಿಬಿಗೆ ಹಳೇ ಓವರ್‌ಡ್ರೈವ್ ಗೇರ್‌ಬಾಕ್ಸ್: ನಾಲ್ಕು ವರ್ಷ ಓಡಿಸಿದ ಮೇಲೆ

70 ಮೈಲಿ ವೇಗದಲ್ಲಿ ಹೋಗುವಾಗ ಪಕ್ಕದಲ್ಲಿ ಕೂತ ಹೆಂಡತಿಯ ಜೊತೆ ಮಾತಾಡಬಹುದು. ಈ ಗೇರ್‌ಬಾಕ್ಸ್ ಕೊಟ್ಟ ದೊಡ್ಡ ಸುಖ ಅದೇ, ನಾನು ನಿರೀಕ್ಷೆ ಮಾಡಿರಲಿಲ್ಲ. ನಮ್ಮ ಎಂಜಿಬಿ ಜಿಟಿ ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು. ಅದು ಹೊಸದಾಗಿದ್ದಾಗ ಓವರ್‌ಡ್ರೈವ್‌ಗೆ, ಅಂದರೆ ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುವಂತೆ ಗೇರ್‌ಬಾಕ್ಸ್ ಹಿಂದೆ ಕೂರುವ ಭಾಗಕ್ಕೆ, ಬೇರೆ ದುಡ್ಡು ಕೊಡಬೇಕಿತ್ತು, ಮೊದಲ ಮಾಲೀಕರು ಕೊಟ್ಟಿರಲಿಲ್ಲ. ನಾಲ್ಕನೇ ಗೇರ್‌ನಲ್ಲಿ 70 ಮೈಲಿಗೆ ಎಂಜಿನ್ ನಿಮಿಷಕ್ಕೆ ಸುಮಾರು 3,900 ಸುತ್ತು ತಿರುಗುತ್ತೆ. ಕವೆಂಟ್ರಿಯಿಂದ ಆಕ್ಸ್‌ಫರ್ಡ್‌ಗೆ ಎಂ40 ಹೆದ್ದಾರಿಯಲ್ಲಿ ಹೋಗಿ ಇಳಿದ ಮೇಲೂ ಕಿವಿಯಲ್ಲಿ ಆ ಸದ್ದೇ ಇರುತ್ತಿತ್ತು. ಓವರ್‌ಡ್ರೈವ್ ಬಿದ್ದರೆ ಅದೇ ವೇಗಕ್ಕೆ 3,200 ಸಾಕು. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಗಾಡಿಯೊಳಗೆ ಕೂತವರಿಗೆ ಬೇರೆ ಗಾಡಿಯೇ ಆಗಿಬಿಡುತ್ತೆ.

ಗೇರ್‌ಬಾಕ್ಸ್ ಡಬ್ಬಿ ಸಿಕ್ಕಿದ್ದು 350 ಪೌಂಡ್‌ಗೆ. ಪೂರ್ತಿ ಬಿಚ್ಚಿ ಹೊಸದು ಮಾಡಿದ್ದಕ್ಕೆ ಅದರ ಎರಡರಷ್ಟಕ್ಕಿಂತ ಹೆಚ್ಚು ಕೇಳಿದ್ದರು, ನನ್ನ ಕೈಯಲ್ಲಿ ಅಷ್ಟಿರಲಿಲ್ಲ. ನಾಲ್ಕೂ ಗೇರ್‌ಗೆ ಸಿಂಕ್ರೋ (ಗೇರ್ ಕಚ್ಚುವ ಮೊದಲು ವೇಗ ಸರಿದೂಗಿಸುವ ರಿಂಗ್) ಇರುವ, 1968ರ ನಂತರದ ಮಾದರಿ. ಓವರ್‌ಡ್ರೈವ್ ಇದ್ದರೂ ಇಲ್ಲದಿದ್ದರೂ ಈ ಡಬ್ಬಿಗಳ ಉದ್ದ ಒಂದೇ, ಹಾಗಾಗಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಮುಟ್ಟಬೇಕಾಗಿಲ್ಲ. ಆದರೆ ಈ ಗಾಡಿಯಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿಂದ ಇಳಿಸೋಕೆ ಬರಲ್ಲ, ಎಂಜಿನ್ ಜೊತೆಗೇ ಎತ್ತಬೇಕು. ಬಾಡಿಗೆ ಕ್ರೇನ್ ತಂದು, ಗೆಳೆಯನೊಬ್ಬನ ಜೊತೆ ಎರಡು ವಾರಾಂತ್ಯ ಕೆಲಸ ಮಾಡಿದೆ. ಹೇಗೂ ಹೊರಗೆ ಬಂದಿತ್ತಲ್ಲ, ಕ್ಲಚ್, ಬೇರಿಂಗ್, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಎಲ್ಲಾ ಹೊಸದು ಹಾಕಿದೆ. ಮೀಟರನ್ನೂ ಬದಲಾಯಿಸಬೇಕಾಯ್ತು. ನನ್ನದರಂಥ ಕಪ್ಪು ಲೇಬಲ್‌ನ ಓವರ್‌ಡ್ರೈವ್‌ಗೆ 1280 (ಮೈಲಿಗೆ ಕೇಬಲ್ ತಿರುಗುವ ಸುತ್ತು) ಅಂತ ಬರೆದಿರುವ ಸ್ಪೀಡೋಮೀಟರ್ರೇ ಬೇಕು, ಹಳೇದು ಇದ್ದ ವೇಗಕ್ಕಿಂತ ಬಹಳ ಜಾಸ್ತಿ ತೋರಿಸುತ್ತೆ.

ವೈರಿಂಗ್ ಮಾಡುವವರಿಗೆ ಒಂದು ಮಾತು. ಡಬ್ಬಿಯ ಮೇಲೆ ಒಂದು ಪುಟ್ಟ ಸ್ವಿಚ್ ಇರುತ್ತೆ, ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿದ್ದಾಗ ಮಾತ್ರ ಕರೆಂಟ್ ಬಿಡುತ್ತೆ. ಅದು ಕೆಟ್ಟಿದೆ ಅಂತ ನೇರವಾಗಿ ವೈರ್ ಕೊಡಬೇಡಿ. ಓವರ್‌ಡ್ರೈವ್ ಹಾಕಿಕೊಂಡೇ ರಿವರ್ಸ್ ತೆಗೆದುಕೊಂಡರೆ ಒಳಗಿರೋದೆಲ್ಲ ಮುರಿಯುತ್ತೆ.

ನಾನು ಟಾಗಲ್ ಸ್ವಿಚ್ ಹಾಕಿದ್ದು ಡ್ಯಾಶ್‌ಬೋರ್ಡಿನ ಮಧ್ಯದಲ್ಲಿ. ಅಲ್ಲಿ ಜಾಗ ಇತ್ತು ಅಂತಷ್ಟೆ. ಆದರೆ ಮೊದಲನೇ ವಾರದಿಂದಲೇ ಅದು ಹೆಂಡತಿಯದ್ದಾಯಿತು. ಎಂ40ಕ್ಕೆ ಸೇರಿ, ನಾಲ್ಕನೇ ಗೇರ್ ಹಾಕಿ, ಮುಳ್ಳು 60 ದಾಟಿದರೆ "ರೀ, ಹಾಕ್ಲಾ?" ಅಂತಾಳೆ. ನಾನು "ಹಾಕು" ಅಂದ ಕೂಡಲೇ ಟಕ್. ಕ್ಲಚ್ ತುಳಿಯೋದು ಬೇಡ. ಅರೆ ಕ್ಷಣ ಏನೂ ಇಲ್ಲ, ಆಮೇಲೆ ಬೆನ್ನಿಗೆ ಯಾರೋ ಮೆಲ್ಲಗೆ ಕೈಯಿಟ್ಟ ಹಾಗೆ, ಸದ್ದು ಇಳಿಯುತ್ತೆ. ಆಗ ಫ್ಲಾಸ್ಕಿನ ಕಾಫಿ ಹೊರಗೆ ಬರುತ್ತೆ. ಅಲ್ಲಿಂದ ಆಕ್ಸ್‌ಫರ್ಡ್‌ವರೆಗೆ ಊರಿನ ಸುದ್ದಿ. ಸ್ವಿಚ್ ತೆಗೆಯುವಾಗ ನನ್ನ ಕಾಲನ್ನು ನೋಡುತ್ತಾಳೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದರೆ ಮಾತ್ರ ತೆಗೆಯೋದು, ಇಲ್ಲದಿದ್ದರೆ ಗಾಡಿ ಜಗ್ಗುತ್ತೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಬ್ರಾಡ್‌ವೇ ಹತ್ತಿರದ ಫಿಶ್ ಹಿಲ್ ಏರುವಾಗ ಮೂರನೇ ಗೇರ್ ಜೊತೆ ಓವರ್‌ಡ್ರೈವ್ ಎಷ್ಟು ಹದವಾಗಿರುತ್ತೆ ಅಂತ ಕಂಡುಹಿಡಿದವಳೂ ಅವಳೇ.

ಇನ್ನು ಎರಡನೇ ಗೇರ್. ಮಾರಿದವರು "ಎಲ್ಲಾ ಗೇರ್ ಬೆಣ್ಣೆ ಥರ ಬೀಳುತ್ತೆ" ಅಂದಿದ್ದರು. ಮೇಜಿನ ಮೇಲೆ ಕೈಯಿಂದ ತಿರುಗಿಸಿ ನೋಡಿದಾಗ ಬಿದ್ದಿತ್ತು, ನಿಜ. ರಸ್ತೆಗಿಳಿದ ಮೊದಲ ಚಳಿ ಬೆಳಿಗ್ಗೆ ಎರಡಕ್ಕೆ ಹಾಕಿದರೆ ಗರ್ರ್ ಅಂತು. ಸಿಂಕ್ರೋ ರಿಂಗ್ ಸವೆದಿದೆ. ಆಯಿಲ್ ಬಿಸಿಯಾಗೋವರೆಗೆ, ಅಂದರೆ ಎರಡು ಮೂರು ಮೈಲಿ, ಡಬಲ್ ಕ್ಲಚ್ ಮಾಡಬೇಕು, ಅಂದರೆ ನ್ಯೂಟ್ರಲ್‌ನಲ್ಲಿ ಒಮ್ಮೆ ಕ್ಲಚ್ ಬಿಟ್ಟು ಮತ್ತೆ ತುಳಿದು ಗೇರ್ ಹಾಕಬೇಕು. ತಿಪಟೂರಿನಲ್ಲಿ ಲಾರಿ ಓಡಿಸುತ್ತಿದ್ದ ನಮ್ಮ ಮಾವ ಕಲಿಸಿದ ವಿದ್ಯೆ ಅದು, ಇಲ್ಲಿ ದಿನಾ ಉಪಯೋಗಕ್ಕೆ ಬರುತ್ತೆ. ಆದರೂ ನನಗೆ ಬೇಜಾರಿದೆ. ಡಬ್ಬಿ ಹೊರಗಿದ್ದಾಗಲೇ ತಿಳಿದವರ ಕೈಲಿ ಬಿಚ್ಚಿಸಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. ಈಗ ಆ ರಿಂಗ್‌ಗಾಗಿ ಎಂಜಿನ್ ಮತ್ತೆ ಎತ್ತಬೇಕು. ನೀವು ಹಳೇ ಡಬ್ಬಿ ತರುವವರಾದರೆ ಮಾರುವವರ ಮಾತು ಬದಿಗಿಟ್ಟು ಮೊದಲು ಅದನ್ನು ಬಿಚ್ಚಿಸಿ.

ಮೂರನೇ ವರ್ಷ ಓವರ್‌ಡ್ರೈವ್ ತಡ ಮಾಡೋಕೆ ಶುರುವಾಯ್ತು. ಸ್ವಿಚ್ ಹಾಕಿ ನಾಲ್ಕು ಸೆಕೆಂಡ್ ಕಾಯಬೇಕು, ಕೆಲವು ಸಲ ಬೀಳುತ್ತಲೇ ಇರಲಿಲ್ಲ. ಆ ವಾರ ಈ ಡಬ್ಬಿ ತಂದದ್ದೇ ತಪ್ಪು ಅನ್ನಿಸಿತ್ತು. ಓವರ್‌ಡ್ರೈವ್ ನಡೆಯೋದೇ ಆಯಿಲ್ ಒತ್ತಡದಿಂದ, ಆ ಆಯಿಲ್ ಗೇರ್‌ಬಾಕ್ಸಿನದ್ದೇ. ಹಿಂದಿನ ಸೀಲ್ ಬೆವರಿ ಮಟ್ಟ ಇಳಿದಿತ್ತು, ಓವರ್‌ಡ್ರೈವ್ ತಳದ ಜಾಲರಿಯಲ್ಲಿ ಕಪ್ಪು ಕೆಸರು ಕೂತಿತ್ತು. ಗಾಡಿ ಕೆಳಗೆ ಮಲಗಿ ಜಾಲರಿ ತೊಳೆದು, ಹೊಸ 20ಡಬ್ಲ್ಯು-50 ತುಂಬಿದೆ. ಎಂಜಿನ್‌ಗೆ ಹಾಕುವ ಆಯಿಲ್ಲೇ ಇದಕ್ಕೂ, ಗೇರ್ ಆಯಿಲ್ ಅಂತ ದಪ್ಪದ್ದು ಹಾಕಬಾರದು. ಮರುದಿನವೇ ಸರಿಹೋಯ್ತು.

ಅಂದಿನಿಂದ ತಿಂಗಳ ಮೊದಲ ಶನಿವಾರ ಕಾರ್ಪೆಟ್ ಮಡಚಿ, ರಬ್ಬರ್ ಬಿರಡೆ ತೆಗೆದು, ಡಿಪ್‌ಸ್ಟಿಕ್ ಒರೆಸಿ ನೋಡುತ್ತೇನೆ. ಒಂದು ಹಳೇ ಬನಿಯನ್ ಅದಕ್ಕೆಂದೇ ಸೀಟಿನ ಕೆಳಗಿದೆ.

ಎರಡನೇ ಗೇರಿನ ರಿಂಗ್ ತಂದು ಶೆಡ್ಡಿನಲ್ಲಿಟ್ಟು ಎರಡು ಚಳಿಗಾಲ ಕಳೆಯಿತು. ಗಾಡಿ ಮೂರು ವಾರ ನಿಲ್ಲಬೇಕಾಗುತ್ತೆ ಅಂದರೆ ಅವಳು "ಶನಿವಾರ ಆಕ್ಸ್‌ಫರ್ಡ್‌ಗೆ ಯಾವುದರಲ್ಲಿ ಹೋಗೋದು?" ಅಂತಾಳೆ.