ಕಂಬದ ಸ್ಟೇ ತಂತಿ ಹಿತ್ತಲಿಗೆ ಬಂದರೆ: ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ

ವಿದ್ಯುತ್ ಕಂಬ ನೆಡಲು ಬಂದವರು "ಇಲ್ಲೊಂದು ಸಹಿ ಮಾಡಿ, ಕೆಲಸ ಮುಗಿಯಿತು ಎಂದು ತೋರಿಸುವುದಕ್ಕೆ ಅಷ್ಟೆ" ಎಂದು ಹಾಳೆ ಚಾಚಿದರೆ ಸಹಿ ಮಾಡಬೇಡಿ. ಯಾರೇ ಕೇಳಲಿ, ಎಷ್ಟೇ ವಿನಯದಿಂದ ಕೇಳಲಿ, ಮಾಡಬೇಡಿ. ಅಂಥದೊಂದು ಸಹಿಯ ನೆಪದಲ್ಲಿ ಇವತ್ತು ನಮ್ಮ ಹಿತ್ತಲಿನ ನಟ್ಟನಡುವೆ ಎರಡು ಸ್ಟೇ ತಂತಿಗಳು (ಕಂಬ ವಾಲದಂತೆ ಓರೆಯಾಗಿ ನೆಲಕ್ಕೆ ಕಟ್ಟುವ ತಂತಿಗಳು) ಬಿಗಿದುಕೊಂಡು ನಿಂತಿವೆ. ಅವನ್ನು ತೆಗೆಸಬೇಕಾದರೆ ನಾವೇ ಹಣ ಕಟ್ಟಬೇಕಂತೆ! ನಮ್ಮ ಜಾಗ, ನಮ್ಮನ್ನು ಕೇಳದೆ ಹಾಕಿದ ತಂತಿ, ಹಣ ಮಾತ್ರ ನಮ್ಮದು.

ನಮ್ಮ ಮನೆ ಬೀದಿಯ ಮೂಲೆಯಲ್ಲಿದೆ. ಹಿಂಬದಿಯಲ್ಲಿ ಹೊಸ ಬಡಾವಣೆಯಾಗಿ, ಅಲ್ಲಿಗೆ ಲೈನ್ ಎಳೆಯುವ ಕೆಲಸ ಶುರುವಾಯಿತು. ಲೈನ್ ತಿರುಗುವ ಜಾಗದ ಕಂಬಕ್ಕೆ ಸ್ಟೇ ಬೇಕೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡು ದಿಕ್ಕಿನ ತಂತಿಗಳು ಕಂಬವನ್ನು ತಿರುವಿನ ಒಳಬದಿಗೆ ಜಗ್ಗುತ್ತವೆ. ಹೊರಬದಿಯಿಂದ ಬಿಗಿದು ಕಟ್ಟದಿದ್ದರೆ ಕಂಬ ವಾಲುತ್ತದೆ. ಆದರೆ ಆ ಕಂಬ ನಮ್ಮ ಕಾಂಪೌಂಡ್‌ಗೆ ಒತ್ತಿಕೊಂಡೇ ಬರಬೇಕಿತ್ತೇ? ಅದರ ವಿಷಯ ಮುಂದೆ ಹೇಳುತ್ತೇನೆ.

ಗುತ್ತಿಗೆದಾರನ ಕಡೆಯವರು ಬಂದಾಗ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ನಾನು ಕೆಲಸದ ಊರಿನಲ್ಲಿದ್ದೆ. ಬಸಳೆ ಚಪ್ಪರದ ಪಕ್ಕ ಗುಂಡಿ ತೋಡುವುದನ್ನು ಕಂಡು ಅಪ್ಪ ತಡೆದಿದ್ದಾರೆ. ಅದಕ್ಕೆ ಅವರ ಉತ್ತರ: "ಯಜಮಾನರೇ, ಇದು ತಾತ್ಕಾಲಿಕ. ಮಳೆಗಾಲದ ಗಾಳಿಗೆ ಕಂಬ ಬೀಳಬಾರದಲ್ಲ. ಮಳೆ ಮುಗಿದ ಮೇಲೆ ನಾವೇ ಬಂದು ತೆಗೆಯುತ್ತೇವೆ." ಬಿಸಿಲಿನಲ್ಲಿ ಕೆಲಸ ಮಾಡುತ್ತಿದ್ದಾರೆಂದು ಅಮ್ಮ ಅವರಿಗೆಲ್ಲ ಮಜ್ಜಿಗೆ ಕೊಟ್ಟಿದ್ದಾರೆ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವರೇ ಆ ಹಾಳೆ ತೆಗೆದದ್ದು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. "ಮೇಲೆ ಕಚೇರಿಯಲ್ಲಿ ಬರೆದುಕೊಳ್ಳುತ್ತಾರೆ" ಎಂದರಂತೆ. ಸರ್ಕಾರಿ ಕೆಲಸಕ್ಕೆ ಬಂದವರ ಮಾತನ್ನು ಎಪ್ಪತ್ತು ದಾಟಿದ ಮನುಷ್ಯ ನಂಬಿದರೆ ಅದು ಅವರ ತಪ್ಪಲ್ಲ, ನಂಬಿಸಿದವರ ತಪ್ಪು.

ಮಳೆ ಮುಗಿಯಿತು. ದೀಪಾವಳಿಯೂ ಮುಗಿಯಿತು. ಯಾರೂ ಬರಲಿಲ್ಲ. ಫೋನ್ ಮಾಡಿದರೆ ಲೈನ್‌ಮನ್ "ಗುತ್ತಿಗೆದಾರರನ್ನು ಕೇಳಿ" ಎನ್ನುತ್ತಿದ್ದ, ಗುತ್ತಿಗೆದಾರ "ಕೆಲಸ ಇಲಾಖೆಗೆ ಒಪ್ಪಿಸಿಯಾಗಿದೆ, ಅವರನ್ನೇ ಕೇಳಿ" ಎನ್ನುತ್ತಿದ್ದ. ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟೆ. ಮರುದಿನ ಮೊಬೈಲ್‌ಗೆ ಸಂದೇಶ ಬಂತು, ನಿಮ್ಮ ದೂರನ್ನು ಪರಿಹರಿಸಲಾಗಿದೆ ಎಂದು. ಏನು ಪರಿಹಾರ? ಯಾರು ಬಂದಿದ್ದರು? ತಂತಿ ಇದ್ದಲ್ಲೇ ಇತ್ತು!

ಕೊನೆಗೆ ಅಪ್ಪನನ್ನೂ ಕರೆದುಕೊಂಡು ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಗೆ ಹೋದೆ. ಬಿಲ್ ಕಟ್ಟಲು ಬಂದವರು, ಮೀಟರ್ ತಕರಾರಿನವರು, ಹತ್ತಾರು ಜನ ಅಲ್ಲಿದ್ದರು. ಎಂಜಿನಿಯರ್ ನಮ್ಮ ಮಾತನ್ನು ಪೂರ್ತಿ ಕೇಳಲೇ ಇಲ್ಲ. ಕಡತ ತರಿಸಿ, ಒಂದು ಹಾಳೆಯನ್ನು ನಮ್ಮ ಕಡೆ ತಿರುಗಿಸಿ, ಎಲ್ಲರಿಗೂ ಕೇಳಿಸುವ ಹಾಗೆ "ಇದು ಯಾರ ಸಹಿ?" ಎಂದರು.

ಅಪ್ಪನ ಸಹಿಯೇ. ಅದರ ಮೇಲೆ ಬೇರೆಯವರ ಕೈಬರಹದಲ್ಲಿ, ನಮ್ಮ ಜಾಗದಲ್ಲಿ ಶಾಶ್ವತವಾಗಿ ಎರಡು ಸ್ಟೇ ಅಳವಡಿಸಲು ಸಂಪೂರ್ಣ ಒಪ್ಪಿಗೆ ಇದೆ, ಮುಂದೆ ಯಾವ ತಕರಾರನ್ನೂ ಮಾಡುವುದಿಲ್ಲ ಎಂದು ಬರೆದಿತ್ತು. ಸಹಿ ಕಪ್ಪು ಶಾಯಿ, ಬರಹ ನೀಲಿ. ಮೇಲಿನ ಸಾಲುಗಳು ದಪ್ಪಕ್ಷರದಲ್ಲಿ ಧಾರಾಳವಾಗಿವೆ. ಕೆಳಗೆ ಬರುತ್ತಾ ಬರುತ್ತಾ ಅಕ್ಷರ ಸಣ್ಣದಾಗಿ, ಕೊನೆಯ ಸಾಲು ಸಹಿಗೆ ತಾಗದ ಹಾಗೆ ಇರುಕಿಕೊಂಡಿದೆ. ಮೊದಲು ಸಹಿ, ಆಮೇಲೆ ಬರಹ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ಅದನ್ನೇ ಹೇಳಿದೆ. "ಮೇಡಂ, ಸಹಿ ಮಾಡುವಾಗ ಓದಿಕೊಳ್ಳಬೇಕಿತ್ತು" ಎಂದರು. ಓದುವುದಕ್ಕೆ ಅದರಲ್ಲಿ ಏನಾದರೂ ಇದ್ದರೆ ತಾನೆ! ಹಿಂದೆ ಯಾರೋ ನಕ್ಕರು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಜೀವಮಾನದಲ್ಲಿ ಯಾರ ಮುಂದೆಯೂ ಸುಳ್ಳು ಹೇಳದ ಮನುಷ್ಯ ಅಷ್ಟು ಜನರ ಮುಂದೆ ಸುಳ್ಳುಗಾರನಾದರು. ತಂತಿಗಿಂತ ನನಗೆ ಹೆಚ್ಚು ನೋವಾದದ್ದು ಇದೇ.

ಉಳಿದ ಉತ್ತರಗಳೂ ಇದೇ ಧಾಟಿ. "ಸಾರ್ವಜನಿಕ ಕೆಲಸ, ಸ್ವಲ್ಪ ಸಹಕರಿಸಿ." "ನಿಮ್ಮ ಮನೆಗೂ ಕರೆಂಟ್ ಬೇಕಲ್ಲ?" "ತಾಂತ್ರಿಕವಾಗಿ ಸ್ಟೇ ಅಲ್ಲಿಗೇ ಬರಬೇಕು." ಸ್ಥಳಾಂತರ ಬೇಕೆಂದರೆ ಅರ್ಜಿ ಕೊಡಿ, ಅಂದಾಜು ಪಟ್ಟಿ ಮಾಡಿಕೊಡುತ್ತೇವೆ ಎಂದರು. ಮಾಡಿಯೂ ಕೊಟ್ಟರು: ಹೊಸ ಕಂಬ, ಸಾಮಗ್ರಿ, ಕೂಲಿ, ಮೇಲ್ವಿಚಾರಣಾ ಶುಲ್ಕ ಎಲ್ಲ ಸೇರಿ ನಲವತ್ತು ಸಾವಿರ ದಾಟಿತ್ತು. ಬೇಡಿಕೆ ನಮ್ಮದಾದ್ದರಿಂದ ವೆಚ್ಚವೂ ನಮ್ಮದಂತೆ.

ಇನ್ನೊಂದು ವಿಷಯ, ಇದು ಜೀವದ ಪ್ರಶ್ನೆ. ಒಂದು ಮಳೆಯ ಸಂಜೆ ಒದ್ದೆ ಕೈಯಲ್ಲಿ ಆ ತಂತಿ ಮುಟ್ಟಿದ ಅಮ್ಮನಿಗೆ ಕೈ ಜುಮ್ಮೆಂದಿತು. ಆಮೇಲೆ ನೋಡಿದರೆ, ಎರಡು ತಂತಿಗಳಲ್ಲಿ ಒಂದಕ್ಕೆ ಮಾತ್ರ ನಡುವೆ ಮೊಟ್ಟೆಯಾಕಾರದ ಪಿಂಗಾಣಿ ಇನ್ಸುಲೇಟರ್ ಇದೆ, ಇನ್ನೊಂದಕ್ಕೆ ಇಲ್ಲವೇ ಇಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದ ಪ್ರಕಾರ ಸ್ಟೇ ತಂತಿಗೆ ಅರ್ಥಿಂಗ್ ಮಾಡಿರಬೇಕು, ಇಲ್ಲವೇ ನೆಲದಿಂದ ಕನಿಷ್ಠ 3 ಮೀಟರ್ ಎತ್ತರದಲ್ಲಿ ಇನ್ಸುಲೇಟರ್ ಇರಬೇಕು. ಆ ಇನ್ನೊಂದು ತಂತಿಗೆ ಅರ್ಥಿಂಗೂ ಇರಲಿಲ್ಲ, ಇನ್ಸುಲೇಟರೂ ಇರಲಿಲ್ಲ. ಫೋಟೊ ಸಮೇತ ವಿದ್ಯುತ್ ಪರಿವೀಕ್ಷಕರಿಗೆ ಬರೆದ ಮೇಲೆ ಕಂಪನಿಯವರು ಓಡಿ ಬಂದು ಇನ್ಸುಲೇಟರ್ ಹಾಕಿದರು. ಅಲ್ಲಿಯವರೆಗೆ "ಸ್ಟೇಯಲ್ಲಿ ಕರೆಂಟ್ ಬರುವುದಿಲ್ಲ, ನಿಮ್ಮ ಅಮ್ಮನವರಿಗೆ ಭ್ರಮೆ" ಎನ್ನುತ್ತಿದ್ದರು. ಭ್ರಮೆಯಾಗಿದ್ದರೆ ಓಡಿ ಬಂದದ್ದು ಏಕೆ? ನಿಮ್ಮ ಹಿತ್ತಲಲ್ಲೂ ಸ್ಟೇ ಇದ್ದರೆ ದಯವಿಟ್ಟು ಇವತ್ತೇ ತಲೆ ಎತ್ತಿ ನೋಡಿ. ಅದಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಬೇಡಿ, ದನ ಕಟ್ಟಬೇಡಿ, ಬಳ್ಳಿ ಹಬ್ಬಿಸಬೇಡಿ.

ಇನ್ನು ಕಂಬದ ವಿಷಯ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಆ ಕಾಮಗಾರಿಯ ಮಂಜೂರಾದ ನಕ್ಷೆ ಕೇಳಿದೆ. ನಕ್ಷೆಯಲ್ಲಿ ತಿರುವಿನ ಕಂಬ ಇರುವುದು ಚರಂಡಿಯ ಆಚೆ! ಅಲ್ಲಿ ನೆಟ್ಟಿದ್ದರೆ ಎರಡೂ ಸ್ಟೇಗಳು ರಸ್ತೆಯಂಚಿನ ಖಾಲಿ ಜಾಗದಲ್ಲೇ ಇಳಿಯುತ್ತಿದ್ದವು. ಆದರೆ ಅದು ಹೊಸದಾಗಿ ಕಟ್ಟುತ್ತಿರುವ ಒಂದು ದೊಡ್ಡ ಮನೆಯ ಗೇಟಿಗೆ ಎದುರಾಗುತ್ತದೆ. ಕಂಬ ಈಚೆಗೆ ಬಂತು, ಸ್ಟೇ ನಮ್ಮ ಬಸಳೆ ಚಪ್ಪರಕ್ಕೆ ಬಂತು. "ತಾಂತ್ರಿಕವಾಗಿ ಅಲ್ಲಿಗೇ ಬರಬೇಕು" ಎಂದವರು ಕಂಬವನ್ನೇ ಸರಿಸಿದ್ದನ್ನು ಏಕೆ ಹೇಳಲಿಲ್ಲ?

ಕಾನೂನು ನಮ್ಮ ಕಡೆ ಇದೆ, ಆದರೆ ಅದನ್ನು ಯಾರೂ ಹೇಳುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ 2006ರಲ್ಲಿ ಬಂದ ಲೈಸೆನ್ಸಿಗಳ (ಅಂದರೆ ವಿದ್ಯುತ್ ಕಂಪನಿಗಳ) ಕಾಮಗಾರಿ ನಿಯಮಗಳಲ್ಲಿ 3ನೇ ನಿಯಮ ಓದಿ. ಖಾಸಗಿ ಜಾಗದಲ್ಲಿ ಕಾಮಗಾರಿಗೆ ಮಾಲೀಕರ ಅಥವಾ ಅಲ್ಲಿ ವಾಸಿಸುವವರ ಪೂರ್ವಾನುಮತಿ ಬೇಕು. ಅವರು ಆಕ್ಷೇಪಿಸಿದರೆ ಕಂಪನಿಯೇ ಜಿಲ್ಲಾ ಮ್ಯಾಜಿಸ್ಟ್ರೇಟರ, ಪೊಲೀಸ್ ಕಮಿಷನರ ಅಥವಾ ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಅನುಮತಿ ತರಬೇಕು. ಈಗಾಗಲೇ ಹಾಕಿದ ಸ್ಟೇಯನ್ನು ಕೂಡ, ತಕ್ಕ ಕಾರಣ ತೋರಿಸಿದರೆ, ತೆಗೆಯುವಂತೆ ಅಥವಾ ಬದಲಿಸುವಂತೆ ಇದೇ ಅಧಿಕಾರಿಗಳು ಆದೇಶಿಸಬಹುದು. ಆದೇಶ ಮಾಡುವಾಗ ಪರಿಹಾರವನ್ನೋ ವಾರ್ಷಿಕ ಬಾಡಿಗೆಯನ್ನೋ ಎರಡನ್ನೂ ಸೇರಿಸಿಯೋ ನಿಗದಿ ಮಾಡಬೇಕು. ನಿಯಮದಲ್ಲಿ ಸ್ಟೇ ಎಂಬ ಪದವೇ ಇದೆ. ಇದೆಲ್ಲ ಕಚೇರಿಯಲ್ಲಿ ಕುಳಿತವರಿಗೆ ಗೊತ್ತಿಲ್ಲವೇ? ಗೊತ್ತಿದೆ. ಅದಕ್ಕೇ ಅವರಿಗೆ ಆ ಒಪ್ಪಿಗೆ ಪತ್ರ ಬೇಕಾಗಿತ್ತು.

ಗುಂಡಿ ತೋಡುವ ಮೊದಲೇ ಫೋಟೊ ತೆಗೆದಿಡಿ. ಆಕ್ಷೇಪಣೆಯನ್ನು ಲೈನ್‌ಮನ್‌ಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಕಚೇರಿಗೆ ಬರೆದುಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ತಾತ್ಕಾಲಿಕ ಎಂದರೆ ಎಷ್ಟು ದಿನ ಎಂದು ಬರೆದುಕೊಡಲು ಹೇಳಿ, ಬರೆದುಕೊಡುವುದಿಲ್ಲ. ಆಗ ಕೆಲಸ ನಿಲ್ಲಿಸಿ ಎನ್ನಿ. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಅವರಿಗೆ ಇದನ್ನು ಇವತ್ತೇ ಹೇಳಿ.

ನಾವು ನಕ್ಷೆ, ಒಪ್ಪಿಗೆ ಪತ್ರದ ಪ್ರತಿ, ಫೋಟೊ ಎಲ್ಲವನ್ನೂ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ, ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ ಕೊಟ್ಟಿದ್ದೇವೆ. ಅಂದಾಜು ಪಟ್ಟಿಯ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಈ ನಡುವೆ ಅದೇ ಗುತ್ತಿಗೆದಾರ ಹಿಂದಿನ ಬೀದಿಯಲ್ಲಿ ಸುಣ್ಣದ ಗುರುತು ಹಾಕಿದ್ದಾನೆ, ಅಲ್ಲಿಯೂ ಲೈನ್ ತಿರುಗುತ್ತದೆ. ಆ ಬೀದಿಯವರು ಗುದ್ದಲಿ ಬೀಳುವ ಮೊದಲು ಆಕ್ಷೇಪಣೆ ಕೊಟ್ಟುಬಿಡಿ. ನಮ್ಮ ಅರ್ಜಿಯ ಪ್ರತಿ ಬೇಕಿದ್ದರೆ ಮನೆಗೆ ಬನ್ನಿ, ಅಪ್ಪ ಕೊಡುತ್ತಾರೆ.