“ಮನೆಗೆ ಕರೆದುಕೊಂಡು ಹೋಗಿ” ಅಂದ ಮೇಲಿನ ಖರ್ಚು: ಹುಷಾರಾಗಿರಿ

ಕ್ಯಾನ್ಸರ್ ಕೈಮೀರಿದವರು ಮನೆಯಲ್ಲಿದ್ದರೆ, ಇನ್ನೊಂದು ಆಸ್ಪತ್ರೆಗೆ ಓಡುವ ಮೊದಲು ಇದನ್ನು ಓದಿ.

ನಮ್ಮ ಕಾಕಾ ಇಂಡಿ ತಾಲೂಕಿನವರು, ಒಕ್ಕಲುತನ. ಬಾಯಿ ಕ್ಯಾನ್ಸರ್. ಆಪರೇಷನ್, ಕರೆಂಟ್ ಕೊಡೋದು (ರೇಡಿಯೇಷನ್) ಎಲ್ಲಾ ಆಯುಷ್ಮಾನ್ ಕಾರ್ಡ್ ಮೇಲೆ ಆಯಿತು. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆಯಲ್ವಾ, ಅಲ್ಲಿತನಕ ತೊಂದರೆ ಇರಲಿಲ್ಲ. ಮನೆ ಮುಳುಗಿದ್ದು ಆಮೇಲೆ.

ಗಡ್ಡೆ ಮತ್ತೆ ಬಂತು. ಡಾಕ್ಟರು “ಇನ್ನ ಮನಿಗೆ ಕರಕೊಂಡು ಹೋಗ್ರಿ” ಅಂದು ಡಿಸ್ಚಾರ್ಜ್ ಚೀಟಿ ಕೊಟ್ಟರು. ರಾತ್ರಿ ನೋವು ಬಂದರೆ ಏನು ಕೊಡಬೇಕು, ಗಾಯ ಹೇಗೆ ತೊಳೆಯಬೇಕು, ಯಾರನ್ನು ಕೇಳಬೇಕು, ಒಂದು ಮಾತಿಲ್ಲ. ನೋವಿಗೆ ರಾತ್ರಿಯೆಲ್ಲಾ ಗೋಡೆಗೆ ಹಣೆ ಒತ್ತಿಕೊಂಡು ಕೂರುವ ಮನುಷ್ಯನನ್ನು ನೋಡಿಕೊಂಡು ಯಾರಿಗೆ ಸುಮ್ನೆ ಇರೋಕಾಗುತ್ತೆ? ಯಾರೋ ಗಡಿಯಾಚೆಯ ಒಂದು ಖಾಸಗಿ ಆಸ್ಪತ್ರೆ ಹೇಳಿದರು. ಅಲ್ಲಿ ಕಾರ್ಡ್ ನಡೆಯಲ್ಲ, ಮೊದಲು ಅಡ್ವಾನ್ಸ್ ಕಟ್ಟಿ ಅಂದರು. ಕಾಕು ಕೈಯ ಪಾಟಲಿ (ಬಳೆ) ಅಡ ಇಟ್ಟರು. ಸಾಲದ್ದಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ. ಐಸಿಯುನಲ್ಲಿ ಸಲೈನ್ ಹಚ್ಚಿದರು, ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿದರು, “ಒಂದ್ ಚಾನ್ಸ್ ನೋಡೂಣು” ಅಂದರು. ದುಡ್ಡು ಮುಗಿದ ದಿನ ಅವರದೂ ಅದೇ ಮಾತು, ಮನೆಗೆ ಕರೆದುಕೊಂಡು ಹೋಗಿ. ಆಂಬುಲೆನ್ಸ್‌ನವನು ಖಾಲಿ ಗಾಡಿ ವಾಪಸ್ ಹೋಗುವ ಬಾಡಿಗೆಯನ್ನೂ ನಮ್ಮಿಂದಲೇ ಕಿತ್ತುಕೊಂಡ.

ಮನೆಯಲ್ಲಿ ಆಗುವ ಖರ್ಚಿಗೆ ಬಿಲ್ಲೂ ಇಲ್ಲ, ಕಾರ್ಡೂ ಇಲ್ಲ. ಗಾಯದ ಪಟ್ಟಿ, ಡೈಪರ್, ಮೂಗಿನ ನಳಿಗೆಯಲ್ಲಿ ಹಾಕುವ ಪೌಡರ್ ಡಬ್ಬಿ. ನಳಿಗೆ ಕಿತ್ತು ಬಂದರೆ ಮತ್ತೆ ಗಾಡಿ ಮಾಡಿಕೊಂಡು ಇಂಡಿಗೆ ಹೋಗಬೇಕು. ಮಗ ಪುಣೆಯ ಕೆಲಸ ಬಿಟ್ಟು ಬಂದ, ಆ ಸಂಬಳವೂ ಹೋಯಿತು.

ಕೊನೆಗೆ ದಾರಿ ತೋರಿಸಿದ್ದು ಪರಿಚಯದ ಒಬ್ಬ ಸಿಸ್ಟರ್. ಗಾಯದ ವಾಸನೆಗೆ ಮೊಮ್ಮಕ್ಕಳು ಪಡಸಾಲೆಗೇ ಬರುತ್ತಿರಲಿಲ್ಲ, ದಿನವಿಡೀ ಊದಿನಕಡ್ಡಿ ಉರಿಯುತ್ತಿತ್ತು. ಸಿಸ್ಟರ್ ಡಾಕ್ಟರನ್ನು ಕೇಳಿ ಮೆಟ್ರೊನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ ಗಾಯಕ್ಕೆ ಉದುರಿಸಿ ಪಟ್ಟಿ ಕಟ್ಟಿದರು. ಕೆಲವೇ ದಿನಗಳಲ್ಲಿ ವಾಸನೆ ಇಳಿಯಿತು. ಆ ಮಾತ್ರೆಗೆ ಒಂದು ಚಹಾದಷ್ಟೂ ದುಡ್ಡಿಲ್ಲ! ಅಷ್ಟು ದುಡ್ಡು ತೆಗೆದುಕೊಂಡವರು ಇದನ್ನು ಹೇಳಲಿಲ್ಲ ಅನ್ನೋ ಸಿಟ್ಟು ನನಗೆ ಇವತ್ತಿಗೂ ಇದೆ.

ನೋವಿಗೆ ಮಾರ್ಫಿನ್ ಮಾತ್ರೆ ಇದೆ, ಅದೂ ಅಗ್ಗವೇ. ಆದರೆ ಊರಿನ ಮೆಡಿಕಲ್ ಶಾಪಿನಲ್ಲಿ ಹುಡುಕಿ ಅಲೆಯಬೇಡಿ. ಅದು ಮಾದಕ ವಸ್ತುಗಳ ಕಾನೂನಿನಡಿ ಬರೋ ಔಷಧಿ; 2014ರಲ್ಲಿ ಆ ಕಾನೂನು ತಿದ್ದಿದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳೋದು ಸುಲಭವಾಗಿದೆ. ಹಾಗಾಗಿ ಡಿಸ್ಚಾರ್ಜ್ ದಿನವೇ “ಪ್ಯಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೆಯಲ್ಲಿ ನೋವು, ತೊಂದರೆ ಕಡಿಮೆ ಮಾಡೋ ಆರೈಕೆ) ಎಲ್ಲಿದೆ, ಮಾರ್ಫಿನ್ ಎಲ್ಲಿ ಸಿಗುತ್ತೆ” ಅಂತ ನೇರವಾಗಿ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಅಲ್ಲಿ ಉತ್ತರ ಸಿಗದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಇದಕ್ಕಂತಲೇ 2012ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮ ಇದೆ. ಯಾರಾದರೂ ಐಸಿಯು ಅಂದರೆ, ಇದರಿಂದ ಕಾಯಿಲೆ ವಾಸಿಯಾಗುತ್ತಾ, ನೋವು ಕಡಿಮೆಯಾಗುತ್ತಾ, ದಿನಕ್ಕೆ ಎಷ್ಟು, ಕಾರ್ಡ್ ನಡೆಯುತ್ತಾ, ಇಷ್ಟನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ. ಬೆಂಗಳೂರಿಗೆ ಹೋಗೋಕಾದರೆ ಅಲ್ಲಿ ಕರುಣಾಶ್ರಯ ಇದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ನಮ್ಮ ಕಡೆಯಿಂದ ದೂರ, ಅದು ಬೇರೆ ಮಾತು.

ಮಾರ್ಫಿನ್ ಕೊಟ್ಟರೆ ಬೇಗ ಸಾಯ್ತಾರೆ ಅಂತ ಬಂದವರೆಲ್ಲಾ ಹೆದರಿಸುತ್ತಾರೆ, ಕಿವಿಗೆ ಹಾಕ್ಕೋಬೇಡಿ. ಡಾಕ್ಟರು ಹೇಳಿದಷ್ಟೇ, ಹೇಳಿದ ಹೊತ್ತಿಗೆ ಕೊಡಿ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತೆ, ಅದಕ್ಕೂ ಔಷಧಿಯನ್ನು ಅದೇ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.