ನಾಲ್ಕು ಮಳೆಗಾಲ ಕಂಡ ಗೇಟು: ಪಾಲಿಅನಿಲಿನ್ ಪ್ರೈಮರ್ ಬಳಸಿದ ಅನುಭವ

ನಮ್ಮ ತೋಟ ಕೊಡಗಿನ ಭಾಗಮಂಡಲದ ಕಡೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕಕ್ಕಡ ತಿಂಗಳಲ್ಲಂತೂ (ಜುಲೈ-ಆಗಸ್ಟ್ ನಡುವೆ) ಗೇಟು ಒಂದು ದಿನವೂ ಒಣಗುವುದಿಲ್ಲ. ರೆಡ್ ಆಕ್ಸೈಡ್ ಪ್ರೈಮರ್ (ಪೇಂಟಿನ ಅಡಿಯ ಮೊದಲ ಕೋಟು) ಹೊಡೆದು ಮೇಲೆ ಇನಾಮಲ್ ಬಳಿದರೂ ಎರಡನೇ ವರ್ಷಕ್ಕೆ ಬುಡದಲ್ಲಿ ಗುಳ್ಳೆ ಏಳುತ್ತಿತ್ತು. ಅದಕ್ಕೇ ನಾಲ್ಕು ವರ್ಷದ ಹಿಂದೆ ಎಡಗಡೆ ಬಾಗಿಲಿಗೆ ಮಾಮೂಲಿ ರೆಡ್ ಆಕ್ಸೈಡ್, ಬಲಗಡೆಗೆ ಪಾಲಿಅನಿಲಿನ್ ಬೆರೆಸಿದ ಎಪಾಕ್ಸಿ ಪ್ರೈಮರ್ ಹೊಡೆಸಿದೆ. ಮೇಲಿನ ಪೇಂಟ್ ಎರಡಕ್ಕೂ ಒಂದೇ.

ಪಾಲಿಅನಿಲಿನ್ ಅಂದರೆ ವಿದ್ಯುತ್ ಹರಿಯಬಲ್ಲ ಪ್ಲಾಸ್ಟಿಕ್. ಈ ಜಾತಿಯ ಪ್ಲಾಸ್ಟಿಕ್‌ಗಳ ಕೆಲಸಕ್ಕೇ ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಕಾವ ಮೂವರಿಗೆ 2000ದಲ್ಲಿ ನೊಬೆಲ್ ಬಂದದ್ದು. ಮಾಮೂಲಿ ಪೇಂಟ್ ಬರೀ ನೀರಿಗೆ ಅಡ್ಡ ನಿಲ್ಲುತ್ತದೆ. ಇದು ಕಬ್ಬಿಣದಿಂದ ಎಲೆಕ್ಟ್ರಾನ್ ಎಳೆದುಕೊಂಡು, ಅದರ ಮೈಮೇಲೆ ತೆಳ್ಳಗಿನ ಬಿಗಿಯಾದ ಆಕ್ಸೈಡ್ ಪದರ ಕಟ್ಟಿಸುತ್ತದೆ. ಆಮೇಲೆ ಗಾಳಿಯ ಆಮ್ಲಜನಕ ಸಿಕ್ಕಿದರೆ ತಾನು ಮತ್ತೆ ಮೊದಲಿನಂತಾಗುತ್ತದೆ. ಸತುವಿನ ಪ್ರೈಮರ್ ತಾನು ಸವೆದು ಕಬ್ಬಿಣ ಉಳಿಸುತ್ತದೆ. ಇದು ಹಾಗಲ್ಲ.

ಎರಡನೇ ಮಳೆಗಾಲದಲ್ಲಿ ಗೊಬ್ಬರದ ಜೀಪು ತಾಗಿ ಎರಡೂ ಬಾಗಿಲಿಗೆ ಉಗುರಿನಷ್ಟು ಅಗಲದ ಗೀರು ಬಿತ್ತು. ಬೇಕಂತಲೇ ಹಾಗೇ ಬಿಟ್ಟೆ. ಎಡಗಡೆ ಗೀರಿನ ಸುತ್ತ ಪೇಂಟ್ ಎದ್ದು, ಒತ್ತಿದರೆ ಚಕ್ಕೆ ಬರುತ್ತಿದೆ. ಬಲಗಡೆ ಗೀರು ಕಂದು ತಿರುಗಿದೆ, ಅಷ್ಟೇ. ಅಂಚು ಈಗಲೂ ಬಿಗಿ. ಅದನ್ನು ಬೆರಳಲ್ಲಿ ಸವರಿ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಆದರೆ ಎಲ್ಲ ಕಡೆ ನಡೆಯುವುದಿಲ್ಲ. ಬೋರ್ಡೋ (ತಾಮ್ರದ ಉಪ್ಪಾದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಸಿಂಪರಣೆ ಔಷಧಿ) ಡ್ರಮ್ಮಿನ ಸ್ಟ್ಯಾಂಡಿಗೂ ಇದನ್ನೇ ಹಚ್ಚಿದ್ದೆ. ಡ್ರಮ್ ಎಳೆದೆಳೆದು ಅಂಗೈಯಗಲ ಪೇಂಟ್ ಕಿತ್ತುಹೋಯಿತು. ಅಷ್ಟು ಜಾಗ ಬರಿದಾದರೆ ಇದರ ಕೈಲಿ ಆಗುವುದಿಲ್ಲ. ಮೇಲಿಂದ ಮೈಲುತುತ್ತದ ನೀರು ಸೋರುತ್ತಿತ್ತು. ಸುಣ್ಣ ಕಮ್ಮಿಯಾದ ಬೋರ್ಡೋಗೆ ಕತ್ತಿ ಅದ್ದಿದರೆ ಕೆಂಪಗೆ ತಾಮ್ರ ಕೂರುತ್ತದಲ್ವಾ, ಇಲ್ಲೂ ಅದೇ ಆಯಿತು. ತಾಮ್ರ ಕೂತ ಕಡೆ ಕಬ್ಬಿಣ ಬೇಗ ತಿಂದುಹೋಗುತ್ತದೆ.

ಗೇಟಿನಲ್ಲೂ ಒಂದು ವೆಲ್ಡಿಂಗ್ ಮೂಲೆ ಹಾಳಾಯಿತು. ಅಲ್ಲಿ ವೈರ್ ಬ್ರಷ್ ಸರಿಯಾಗಿ ಆಡಿಸಿರಲಿಲ್ಲ, ತಪ್ಪು ನಮ್ಮದೇ. ತುಕ್ಕಿನ ಮೇಲೆ ಹಚ್ಚಿದರೆ ಅದು ಕಬ್ಬಿಣಕ್ಕೆ ತಾಗುವುದೇ ಇಲ್ಲ, ಮತ್ತೆ ಹೇಗೆ ಕೆಲಸ ಮಾಡಬೇಕು? ಹಚ್ಚುವುದಾದರೆ ಹೂಮಳೆಗೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮುಂಚೆ, ಬಿಸಿಲಿರುವಾಗ ಹಚ್ಚಿ. ಎಪಾಕ್ಸಿ ಗಟ್ಟಿಯಾಗಲು ಹಾಕುವ ಹಾರ್ಡನರ್ ಬೆರೆಸಿದ ಮೇಲೆ ಡಬ್ಬಿ ಉಳಿಸಿಡಲು ಆಗುವುದಿಲ್ಲ. ಬೇಕಾದಷ್ಟೇ ಕಲಸಿ.

ನನಗೆ ರೆಡ್ ಆಕ್ಸೈಡಿನ ನಾಲ್ಕು ಪಟ್ಟು ಖರ್ಚಾಯಿತು. ಆದರೂ ಈ ಸಲ ಕೊಯ್ಲು ಮುಗಿದ ಮೇಲೆ ಎಡಗಡೆ ಬಾಗಿಲನ್ನು ಪೂರ್ತಿ ಉಜ್ಜಿಸಿ ಇದನ್ನೇ ಹೊಡೆಸುತ್ತೇನೆ. ಡ್ರಮ್ ಸ್ಟ್ಯಾಂಡ್ ಮಾತ್ರ ಕಿತ್ತುಹಾಕಿ ಕಲ್ಲು ಕಟ್ಟಿಸಿದ್ದಾಯಿತು.